ಮೇನ್ ಸ್ವಿಚ್ ಮುಟ್ಟದ ಮನೆ

ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಶಟರ್ ಮೇಲೇರುವ ಹೊತ್ತಿಗೆ ದೊಡ್ಡ ಸೊಸೆ ಹಿಂದಿನ ಕೋಣೆಯಲ್ಲಿ ಅರ್ಧ ಮೂಟೆ ನಲ್ಲಿಸಾಮಾನು ವಿಂಗಡಿಸಿ ಮುಗಿಸಿರುತ್ತಿದ್ದಳು. ಪೈಪು ತಿರುಗಿಸುವ ಎಲ್ಬೋಗಳು ಒಂದು ಕಡೆ, ಕವಲೊಡೆಸುವ ಟೀಗಳು ಇನ್ನೊಂದು ಕಡೆ, ವಾಷರ್‌ಗಳು ಅಳತೆಯ ಪ್ರಕಾರ ಹಳೆಯ ಬಿಸ್ಕತ್ತಿನ ಡಬ್ಬಿಗಳಿಗೆ. ಹದಿನೆಂಟು ವರ್ಷದಿಂದ ಅದೇ ಕೆಲಸ. ಕಣ್ಣು ಮುಚ್ಚಿಕೊಂಡೇ ಇದು ಅರ್ಧ ಇಂಚಿನದು, ಇದು ಮುಕ್ಕಾಲು ಇಂಚಿನದು ಎಂದು ಹೇಳಬಲ್ಲಳು. ಆದರೆ ಕೋಣೆಯ ಬಾಗಿಲಿನ ಪರದೆ ದಾಟಿ ಕೌಂಟರಿನ ಕಡೆ ಅವಳು ಬರುವಂತಿರಲಿಲ್ಲ.

ಅವಳ ಮಾವನ ತಂದೆ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ನಲ್ಲಿ, ವಾಷರ್ ಮಾರುತ್ತಿದ್ದವರು. ಊರಿಗೆ ಕರೆಂಟ್ ಬಂದ ಮೇಲೆ ಅದೇ ಪೆಟ್ಟಿಗೆಗೆ ಹೋಲ್ಡರು, ವೈರು ಸೇರಿದವು. ಪೆಟ್ಟಿಗೆ ಬೆಳೆದು ಅಂಗಡಿಯಾಯಿತು. ಎಡಗೋಡೆಗೆ ನೀರಿನ ಸಾಮಾನು, ಬಲಗೋಡೆಗೆ ಕರೆಂಟಿನ ಸಾಮಾನು. ಆಗೆಲ್ಲ ಜನ ವೈರೆಂದರೆ ಮಾರುದೂರ ನಿಲ್ಲುತ್ತಿದ್ದರು. ಅವರ ಭಯ ಬಿಡಿಸಲು ಆ ಹಿರಿಯರು ಕರೆಂಟಿರುವ ವೈರಿನ ತುದಿಯನ್ನು ಬೆರಳಿನ ಬೆನ್ನಿನಿಂದ ತಟ್ಟಿ ನಗುತ್ತಿದ್ದರಂತೆ. ಅಂಗೈಯಲ್ಲಿ ಹಿಡಿದರೆ ಕೈ ಕಚ್ಚಿಕೊಂಡುಬಿಡುತ್ತದೆ, ಅದಕ್ಕೇ ಬೆನ್ನಿನಿಂದ.

ವ್ಯಾಪಾರದ ಉಪಾಯ, ಅಷ್ಟೇ. ಮಗನ, ಅಂದರೆ ಅವಳ ಮಾವನ, ಕಾಲಕ್ಕೆ ಅದು ಮನೆತನದ ಮರ್ಯಾದೆಯಾಗಿ ಕೂತಿತು. ಅಂಗಡಿಗೆ ಸೇರುವವನು ಮೊದಲ ದಿನ ಗಿರಾಕಿಗಳೆದುರು ವೈರು ತಟ್ಟಬೇಕು. ಆಮೇಲೆ ಎಂಥ ಕೆಲಸಕ್ಕೂ ಮೇನ್ ಆಫ್ ಮಾಡುವಂತಿಲ್ಲ. ಗಾಜಿನ ಕಪಾಟಿನ ತುಂಬ ಕರೆಂಟಿದೆಯೇ ಎಂದು ದೀಪ ಹತ್ತಿ ತೋರಿಸುವ ಟೆಸ್ಟರುಗಳಿದ್ದವು. ಊರಿಗೆಲ್ಲ ಮಾರಿದ ಆ ಮನೆಯವರ ಜೇಬಿನಲ್ಲಿ ಮಾತ್ರ ಒಂದೂ ಇರಲಿಲ್ಲ. ಇದನ್ನು ಧೈರ್ಯ ಎಂದರು. ಊರೂ ತಲೆಯಾಡಿಸಿತು. ಮೂರ್ಖತನಕ್ಕೆ ಚಪ್ಪಾಳೆ ಸಿಕ್ಕಿದರೆ ಅದನ್ನು ಬಿಡಿಸುವವರು ಯಾರು?

ಹದಿನೆಂಟು ವರ್ಷದ ಹಿಂದೆ ಅವಳ ಗಂಡ, ಮನೆಯ ಹಿರಿಮಗ, ಗಿರಾಕಿಯೊಬ್ಬರ ನೀರೆತ್ತುವ ಮೋಟಾರನ್ನು ಅಂಗಡಿಯಲ್ಲೇ ಓಡಿಸಿ ನೋಡುತ್ತಿದ್ದ. ನೆಲವೆಲ್ಲ ನೀರು. ಮೋಟಾರು ಇದ್ದಕ್ಕಿದ್ದಂತೆ ನಿಂತಿತು. ಕರೆಂಟ್ ಬರುತ್ತಿದೆಯೇ ಎಂದು ರೂಢಿಯಂತೆ ಬೆರಳು ತಟ್ಟಿದವನು ಮತ್ತೆ ಏಳಲಿಲ್ಲ. ಮಗಳಿಗೆ ಆಗ ಮೂರು ವರ್ಷ. "ಅವನ ಹಾರ್ಟೇ ವೀಕ್ ಇತ್ತು" ಎಂದರು ಮಾವ. ಹೇಳಿ ಹೇಳಿ ಅದೇ ನಿಜವಾಯಿತು. ಆಮೇಲೆ ಮೈದುನನ ಹೆಬ್ಬೆರಳು ಸುಟ್ಟು ಮರದ ತುಂಡಿನಂತಾಯಿತು. ಅದಕ್ಕೂ ಒಂದು ಕಾರಣ ಹುಟ್ಟಿಕೊಂಡಿತು, "ಅವನಿಗೆ ಗಮನ ಸಾಲ್ದು."

ಈಗ ಮಗಳು ಎಲೆಕ್ಟ್ರಿಕಲ್ ಓದು ಮುಗಿಸಿ ಅಂಗಡಿಯಲ್ಲಿ ಕೂರುತ್ತೇನೆಂದಳು. ಮಾವ ಬೇಡವೆನ್ನುತ್ತಾರೆಂದು ತಾಯಿ ಹೆದರಿದ್ದಳು. ಅವರು ಹೂಂ ಎಂದರು. ಅದು ಇನ್ನೂ ದೊಡ್ಡ ಹೆದರಿಕೆಯಾಯಿತು.

"ಹುಡುಗಿಯಾದ್ರೇನು, ನನ್ನ ಮೊಮ್ಮಗಳಲ್ವಾ? ಕೌಂಟರಲ್ಲಿ ಕೂತ್ಕೊಳ್ಳಲಿ. ಸೋಮವಾರ ಬೆರಳು ಮುಟ್ಟಿಸಿಬಿಡೋಣ" ಎಂದು ಮಾವ ಊಟಕ್ಕೆ ಕೂತಾಗ ಹೇಳಿದರು.

"ಮಾವ, ಅದೊಂದು ಬೇಡ" ಎಂದಳು ಸೊಸೆ.

"ಅದೊಂದನ್ನ ಬಿಟ್ರೆ ನಮ್ಮಲ್ಲಿ ಇನ್ನೇನಮ್ಮ ಇದೆ? ಪೈಪು ಎಲ್ಲರ ಅಂಗಡೀಲೂ ಸಿಗುತ್ತೆ."

"ತಾತ, ಕಾಲೇಜಲ್ಲಿ ಮೊದಲ ದಿನ ಕಲಿಸಿದ್ದೇ ಮೇನ್ ಆಫ್ ಮಾಡೋದು" ಎಂದಳು ಮೊಮ್ಮಗಳು.

"ನಿಮ್ಮ ಮೇಷ್ಟ್ರಿಗೆ ಸ್ವಂತ ಅಂಗಡಿ ಇದೆಯಾ?"

"ಇಲ್ಲ. ಹತ್ತೂ ಬೆರಳಿದೆ."

ಮೈದುನ ಮೆಲ್ಲಗೆ ತನ್ನ ಹೆಬ್ಬೆರಳನ್ನು ತಟ್ಟೆಯ ಕೆಳಗೆ ಸರಿಸಿಕೊಂಡ. ಮಾವ ನಕ್ಕುಬಿಟ್ಟರು. "ನಾನು ಎಷ್ಟು ಸಲ ಮುಟ್ಟಿಲ್ಲ? ನೋಡು, ಗುಂಡುಕಲ್ಲಿನ ಹಾಗಿದೀನಿ." ಆ ಗುಂಡುಕಲ್ಲಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಬೆರಳ ತುದಿಗೆ ಸ್ಪರ್ಶವೇ ಉಳಿದಿರಲಿಲ್ಲ. ಗುಂಡಿ ಹಾಕಿಕೊಡುತ್ತಿದ್ದವಳು ಸೊಸೆಯೇ.

ಪಾತ್ರೆ ತೊಳೆಯುವಾಗ ಮಗಳು ಹತ್ತಿರ ಬಂದಳು. "ಒಂದ್ಸಲ ತಾನೇ ಅಮ್ಮ. ಮುಟ್ಟಿಬಿಡ್ತೀನಿ. ಅಂಗಡಿ ಕೈಗೆ ಬರುತ್ತಲ್ಲ."

"ನಿಮ್ಮಪ್ಪನೂ ಹಾಗೇ ಅಂದಿದ್ರು" ಎಂದಷ್ಟೇ ಹೇಳಿದಳು ತಾಯಿ.

ಸೋಮವಾರ ಅಂಗಡಿ ತುಂಬಿತ್ತು. ಹಳೆಯ ಗಿರಾಕಿಗಳಾದ ಏಳೆಂಟು ಪ್ಲಂಬರುಗಳು, ವೈರಿಂಗ್ ಕೆಲಸದವರು ತಮಾಷೆ ನೋಡಲು ಕೌಂಟರಿಗೆ ಆತು ನಿಂತಿದ್ದರು. ಮಾವ ವೈರಿನ ತುದಿ ಸುಲಿದು ಕೌಂಟರಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಬೋರ್ಡಿಗೆ ಸಿಕ್ಕಿಸಿದರು. ಮಗಳು ತೋಳು ಮೇಲೇರಿಸಿದಳು. ಬೆರಳಿನ ಬೆನ್ನನ್ನು ಮುಂದೆ ಮಾಡಿದಳು.

ತಾಯಿ ಪರದೆ ಸರಿಸಿ ಹೊರಗೆ ಬಂದಳು. ಯಾರನ್ನೂ ನೋಡಲಿಲ್ಲ. ನೇರವಾಗಿ ಗೋಡೆಯ ಕಬ್ಬಿಣದ ಪೆಟ್ಟಿಗೆಯ ಹತ್ತಿರ ಹೋಗಿ ಮೇನಿನ ಹಿಡಿಯನ್ನು ಕೆಳಕ್ಕೆಳೆದಳು. ಫ್ಯಾನು ನಿಧಾನವಾಯಿತು. ಪ್ರದರ್ಶನಕ್ಕೆ ಹಾಕಿದ್ದ ದೀಪಗಳೆಲ್ಲ ಒಟ್ಟಿಗೆ ಆರಿದವು.

"ಯಾರದು?" ಎಂದು ಗದರಿದರು ಮಾವ. "ಈ ಮನೆ ಗಂಡಸರು ಯಾವತ್ತೂ ಮೇನ್ ಮುಟ್ಟಿದವರಲ್ಲ!"

"ಗೊತ್ತು ಮಾವ. ಅದಕ್ಕೇ ನಾನು ಮುಟ್ಟಿದೆ." ಅವಳ ದನಿ ಏರಲಿಲ್ಲ. "ಇವಳಪ್ಪನ ಹಾರ್ಟ್ ಚೆನ್ನಾಗೇ ಇತ್ತು. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ, ಅದು ನನ್ನ ತಪ್ಪು. ಅಂಗಡಿ ಕೊಡೋದಾದ್ರೆ ನನ್ನ ಮಗಳಿಗೆ ಹೀಗೇ ಕೊಡಿ. ಇಲ್ಲಾಂದ್ರೆ ನಾವಿಬ್ರೂ ಸೈಕಲ್ಲಿಗೆ ಪೆಟ್ಟಿಗೆ ಕಟ್ಕೊಂಡು ವಾಷರ್ ಮಾರ್ತೀವಿ. ನಿಮ್ಮಪ್ಪ ಶುರು ಮಾಡಿದ್ದೂ ಹಾಗೇ ಅಲ್ವಾ?"

ಗಿರಾಕಿಗಳ ಎದುರು ಇಂಥ ಮಾತು! ಮಾವ ಕೂಗಾಡುತ್ತಾರೆಂದು ಎಲ್ಲರೂ ಕಾದರು. ಅವರು ಸೊಸೆಯ ಮುಖ ನೋಡಲಿಲ್ಲ. ಹಿಡಿಯ ಮೇಲಿದ್ದ ಅವಳ ಕೈಯನ್ನೇ ನೋಡುತ್ತಿದ್ದರು.

"ಅವನು ಹೋದ ದಿನ ನಾನು ಅಲ್ಲೇ ನಿಂತಿದ್ದೆ" ಎಂದರು ಕಡೆಗೆ. "ನೀನೀಗ ನಿಂತಿದೀಯಲ್ಲ, ಅಲ್ಲೇ. ಕೈ ಎತ್ತಿದ್ದೆ ಕಣಮ್ಮ. ಗಿರಾಕಿಗಳು ನೋಡ್ತಾ ಇದ್ರು… ಎಳೀಲಿಲ್ಲ."

ಇದು ಅವಳಿಗೆ ಗೊತ್ತಿರಲಿಲ್ಲ. ಆದರೂ ಹಿಡಿಯನ್ನು ಬಿಡಲಿಲ್ಲ. ಮೈದುನ ಸ್ಟೂಲು ತಂದು ಅಪ್ಪನ ಹಿಂದಿಟ್ಟ. ಅವರು ಕೂತರು.

ಮಗಳು ಗಾಜಿನ ಕಪಾಟು ತೆರೆದು ಒಂದು ಟೆಸ್ಟರ್ ತೆಗೆದಳು. ವೈರಿನ ತುದಿಗೆ ಒತ್ತಿ ಹಿಡಿದಳು. ಒಳಗಿನ ಪುಟ್ಟ ದೀಪ ಹತ್ತಲಿಲ್ಲ.

"ಕರೆಂಟಿಲ್ಲ ತಾತ" ಎಂದಳು ಮೆತ್ತಗೆ. "ಈಗ ಮುಟ್ಟಿ."

ಮುದುಕರು ಎದ್ದು, ರೂಢಿಯಂತೆ ಬೆರಳಿನ ಬೆನ್ನು ಮುಂದೆ ಮಾಡಿ ಬಂದರು. ಅರ್ಧಕ್ಕೆ ನಿಂತರು. ಆಮೇಲೆ ಕೈ ತಿರುಗಿಸಿ, ಮಗನನ್ನು ಕೊಂದಂಥದೇ ಸುಲಿದ ವೈರಿನ ತುದಿಯನ್ನು ಬಾಳಿನಲ್ಲಿ ಮೊದಲ ಸಲ ಇಡೀ ಅಂಗೈಯಲ್ಲಿ ಹಿಡಿದರು. ತಮ್ಮ ಅಳು ನಿಲ್ಲುವವರೆಗೂ ಬಿಡಲಿಲ್ಲ.