ಬೆಲ್ಲದ ಕೈಯ ಒಂದು ಹನಿ

ನಾನು ಅಂಗೈಯಲ್ಲಿ ಹಿಡಿಸುವ ಒಂದು ಶುಗರ್ ಮೆಷಿನ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಹುಟ್ಟಿಸಿದವರ ಮುಖ ನೆನಪಿಲ್ಲ. ಬೆರಳ ತುದಿಯ ಒಂದು ಹನಿ ರಕ್ತ ಕೊಟ್ಟರೆ, ಅದರಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳುತ್ತೇನೆ. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ ಎಂಬ ಜಂಬ ಮೊದಲಿನಿಂದಲೂ ಇತ್ತು.

ಔಷಧಿ ಅಂಗಡಿಯಲ್ಲಿ ಕೆಲಕಾಲ ಧೂಳು ತಿಂದ ಮೇಲೆ ಪಾಂಡವಪುರದ ಹಲ್ಲಿನ ಡಾಕ್ಟರ್ ನಳಿನಾಕ್ಷಿಯವರ ಕೈ ಸೇರಿದೆ. ಹಲ್ಲು ಕೀಳುವಲ್ಲಿ ಇದಕ್ಕೇನು ಕೆಲಸ ಎಂದು ಇಕ್ಕಳಗಳೆಲ್ಲ ನನ್ನನ್ನು ವಾರೆಗಣ್ಣಿನಿಂದ ನೋಡಿದವು. ಆದರೆ ಡಾಕ್ಟರಿಗೆ ಒಂದು ಪದ್ಧತಿಯಿತ್ತು. ಒಸಡು ಊದಿ, ಹಲ್ಲು ಅಲ್ಲಾಡುತ್ತದೆಂದು ಬಂದವರ ಬಾಯಿ ನೋಡಿದ ಕೂಡಲೇ ನನ್ನ ಕಡೆ ಕೈ ಚಾಚುತ್ತಿದ್ದರು. ಸಕ್ಕರೆ ಕಾಯಿಲೆ ಎಷ್ಟೋ ಸಲ ಒಸಡಿನಲ್ಲೇ ಸುಳಿವು ಕೊಡುತ್ತದಂತೆ.

ಒಂದು ಬೆಳಿಗ್ಗೆ ಚಲುವೇಗೌಡರು ಹೆಂಡತಿ ಸಾಕಮ್ಮನ ಜೊತೆ ಬಂದರು. ಗೌಡರು ಆಲೆಮನೆಯಲ್ಲಿ ಬೆಲ್ಲ ಕಾಸುವವರು. ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುವ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವುದು ಅವರ ಕೆಲಸ. ಅವತ್ತೂ ಹದ ನೋಡಿ, ಕೈಯನ್ನು ಪಂಚೆಗೆ ಒರೆಸಿಕೊಂಡು ನೇರ ಬಂದಿದ್ದರು. ಬಲಗಾಲಿಗೆ ಬಟ್ಟೆ ಸುತ್ತಿತ್ತು.

“ಹಲ್ಲು ಕಿತ್ತಾಕ್ಬುಡಿ ಡಾಕ್ಟ್ರವ್ವ, ಕೆಲ್ಸ ಬುಟ್ಟು ಬಂದಿವ್ನಿ.”

“ಮೊದಲು ಬೆರಳು ಕೊಡಿ ಗೌಡ್ರೇ,” ಎಂದರು ಡಾಕ್ಟರು.

“ಹಲ್ಲು ನೋವು ಅಂದ್ರೆ ಬೆರಳಿಗೆ ಚುಚ್ತೀರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು.”

ಆದರೂ ಕೊಟ್ಟರು. ನಾನು ಐನೂರರ ಹತ್ತಿರದ ಸಂಖ್ಯೆ ತೋರಿಸಿದೆ. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೈಗೆ ಮೆತ್ಕಂಡಿರೋ ಬೆಲ್ಲ ನೆಕ್ಕಿ ಹೇಳ್ತಾ ಅದೆ ಇದು. ಬೆಲ್ಲ ಕಾಸೋನು ಬೆಲ್ಲ ತಿನ್ನಕಿಲ್ಲ ಕನವ್ವ. ನಂಗೆಲ್ಲಿಂದ ಬಂದದು ಸಕ್ಕರೆ ಕಾಯ್ಲೆ?”

ಅವರ ಮಾತು ಪೂರ್ತಿ ಸುಳ್ಳೇನಲ್ಲ. ಆ ಹನಿಯಲ್ಲಿ ಬೆಲ್ಲದ ಅಂಟು ಸೇರಿತ್ತು. ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಗೌಡರು ಎದ್ದೇಬಿಟ್ಟರು. ಸಾಕಮ್ಮ ಅವರ ತೋಳು ಹಿಡಿದರು.

“ಕಾಲ್ ಮೇಲೆ ಪಾಕ ಸಿಡ್ದು ಎಷ್ಟ್ ತಿಂಗ್ಳಾಯ್ತು? ಇನ್ನೂವೆ ಹಸಿಯಾಗೇ ಅದೆ. ಆ ಕಾಲು ಕಳ್ಕಂಡು ಕೊಪ್ಪರಿಗೆ ಮುಂದೆ ಎಂಗ್ ನಿಂತ್ಕತೀರಾ? ಸುಮ್ಕೆ ಕೈ ತೊಳ್ಕಬನ್ನಿ.”

ಗೌಡರು ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬಂದು ಇನ್ನೊಂದು ಬೆರಳು ಕೊಟ್ಟರು. ಸಂಖ್ಯೆ ಪೂರ್ತಿ ಇಳಿದರೆ ನಾನು ಸುಳ್ಳ. ಇಳಿಯದಿದ್ದರೆ ಅವರ ಕಾಲಿಗೆ ಗಂಡಾಂತರ. ನನ್ನ ಮಾನ ಹೋದರೆ ಹೋಗಲಿ, ಇಳಿಯಲಿ ಎಂದು ಬೇಡಿಕೊಂಡೆ. ಇಳಿಯಿತು ನಿಜ, ಆದರೆ ಮುನ್ನೂರರ ಮೇಲೆಯೇ ನಿಂತುಬಿಟ್ಟಿತು. ನನಗೆ ತುಂಬಾ ದುಃಖವಾಯಿತು.

ಡಾಕ್ಟರು ಅವತ್ತು ಹಲ್ಲು ಕೀಳಲಿಲ್ಲ. ಒಸಡಿನ ಕೀವಿಗೆ ಔಷಧಿ ಕೊಟ್ಟು, ಆ ದಿನವೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಸಕ್ಕರೆ ಕಾಯಿಲೆಯೇ ಎಂದು ಖಾತ್ರಿಯಾಗಿ ಮದ್ದು ಶುರುವಾಯಿತು. ಬಟ್ಟೆ ಬಿಚ್ಚಿ ಕಾಲು ತೋರಿಸಿದಾಗ ಅಲ್ಲಿನವರು, ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರಂತೆ. ಗಾಯ ಬಹಳ ನಿಧಾನವಾಗಿ ಮಾಯಿತು. ಮುಂದೆ ಗೌಡರು ಆಲೆಮನೆಯವರನ್ನು ಒಬ್ಬೊಬ್ಬರಾಗಿ ಎಳೆದುಕೊಂಡು ಬಂದು, ಬಾಗಿಲಲ್ಲೇ “ಮೊದ್ಲು ಕೈ ತೊಳ್ಕಳ್ರಪ್ಪ” ಎನ್ನುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ರಕ್ತದ ಹನಿ ಹೀರಿ ನನಗೆ ಮುಟ್ಟಿಸುವ, ನನಗೆ ಹೊಂದುವ ಪಟ್ಟಿಗಳು ಸಿಗುವುದಿಲ್ಲ. ಹೊಸ ಮೆಷಿನ್ ಬಂದ ದಿನ ಡಾಕ್ಟರು ನನ್ನನ್ನು ಎಸೆಯಲು ಎತ್ತಿದರು. ಅಲ್ಲೇ ಇದ್ದ ಗೌಡರು ಕೇಳಿ ಪಡೆದುಕೊಂಡರು. ಆಲೆಮನೆಯ ಗೋಡೆಗೂಡಿನಲ್ಲಿ ಕೂತಿದ್ದೇನೆ.

ಮೊನ್ನೆ ಆಯುಧ ಪೂಜೆ. ಗಾಣಕ್ಕೆ, ಕೊಪ್ಪರಿಗೆಗೆ ಕುಂಕುಮವಿಟ್ಟ ಗೌಡರು ನನಗೂ ಇಟ್ಟು, ಮುಂದೆ ಒಂದು ಚೂರು ಬೆಲ್ಲ ಇಟ್ಟರು.

“ಅದ್ರ ಮುಂದ್ಕೂ ಬೆಲ್ಲವಾ?” ಎಂದು ಸಾಕಮ್ಮ ನಕ್ಕರು.

“ಅವತ್ತು ಕದ್ದು ನೆಕ್ತು ಅಂತ ಬೈಸ್ಕಂಡಿತ್ತು. ಇವತ್ತು ಮರ್ಯಾದೆಯಾಗಿ ತಿನ್ಲಿ,” ಎಂದು ಗೌಡರು ಕೊಪ್ಪರಿಗೆಯ ಕಡೆ ನಡೆದರು, ಎರಡೂ ಕಾಲೂರಿಕೊಂಡು.