ಒಂದು ಬೆರಳು ಒಳಗೆ

“ಯಾಂವಲೇ ಇದಕ್ಕ ಕೈ ಹಚ್ಚಿದಾಂವ?”

“ನಾನ ಹಚ್ಚೀನ್ರಿ, ವಸ್ತಾದ್ರ. ಒಂದ ಬೆರಳ ಒಳಗ ತಂದೀನಿ. ಭುಜಾ ಎಳೀತೈತ್ರಿ.”

“ನಿನ್ನ ಅಳತಿ ನನಗ ಕಲಿಸ್ತಿಯೇನು? ನಿನಗ ಮೀಸಿ ಬರೂಕಿಂತ ಮೊದಲ ನಿನ್ನ ತೋಳ ಅಳದಾಂವ ನಾನು!”

“ತೋಳ ಅದ ಐತ್ರಿ. ಭುಜಾ ಅದ ಇಲ್ರಿ.”

“ಹಂಗಾದ್ರ ಹೋಗಿ ಟೇಶನ್‌ದಾಗ ಟಿಕೀಟ ನೋಡಕೋತ ನಿಂದ್ರು. ಇಲ್ಲ್ಯಾಕ ಬಂದಿ?”

ವಸ್ತಾದರು ಮತ್ತು ಅವರ ಶಿಷ್ಯ ಮೈಲಾರಿ, ಇಬ್ಬರೂ ನನ್ನ ಒಂದೊಂದು ತುದಿ ಹಿಡಿದು ಕೂಗಾಡುತ್ತಿದ್ದರು. ನಡುವೆ ನಾನು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನು ಒಂದು ಪ್ಯಾರಲಲ್ ಬಾರ್. ನಾಲ್ಕು ಕಬ್ಬಿಣದ ಕಾಲು, ಮೇಲೆ ಎರಡು ಮರದ ಕೋಲು. ಜಿಮ್ನಾಸ್ಟಿಕ್ಸ್ ಮಾಡುವ ಗಂಡಸರು ನನ್ನ ಮೇಲೆ ಕೈಯೂರಿ ತಲೆಕೆಳಗಾಗಿ ನಿಲ್ಲುತ್ತಾರೆ, ಜೀಕುತ್ತಾರೆ, ಗಾಳಿಯಲ್ಲಿ ತಿರುಗಿ ಮತ್ತೆ ನನ್ನನ್ನೇ ಹಿಡಿಯುತ್ತಾರೆ. ಜನ ಅವರಿಗೆ ಚಪ್ಪಾಳೆ ತಟ್ಟುತ್ತಾರೆ. ನನಗೆ ಯಾರೂ ತಟ್ಟಿಲ್ಲ. ಇರಲಿ.

ನಾನು ಹುಟ್ಟಿದ್ದು ಉತ್ತರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಉಜ್ಜಿ ಉಜ್ಜಿ ನುಣುಪು ಮಾಡಿದರು. ಮೊದಲು ಬೆಂಗಳೂರಿನ ಒಂದು ದೊಡ್ಡ ಕ್ರೀಡಾಂಗಣಕ್ಕೆ ಹೋದೆ. ಅಲ್ಲಿ ನನ್ನ ಮೇಲೆ ಕೈಯಿಟ್ಟವರಿಗಿಂತ ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೇ ಹೆಚ್ಚು. ಪರದೇಶದಿಂದ ಹೊಸ ಬಾರ್ ಬಂದ ಮೇಲೆ ನನ್ನನ್ನು ಲಾರಿಗೆ ಹೇರಿ ಗದಗಿಗೆ ಕಳಿಸಿದರು. ಹಳೆಯ ಹತ್ತಿ ಗೋದಾಮಿನಲ್ಲಿ ಮಾಬುಸಾಬ ವಸ್ತಾದರು ಹುಡುಗರಿಗೆ ಕಸರತ್ತು ಕಲಿಸುತ್ತಿದ್ದರು. ಗರಡಿಯಲ್ಲಿ ಬೆಳೆದ ಮನುಷ್ಯ. ಬಾಯಿ ಕೆಟ್ಟದ್ದು, ಕೈ ಒಳ್ಳೆಯದು.

ಮೈಲಾರಿ ಅಲ್ಲಿಗೆ ಬಂದಾಗ ನನ್ನ ಅರ್ಧದಷ್ಟೂ ಎತ್ತರ ಇರಲಿಲ್ಲ. ಹತ್ತಿ ಪೇಟೆಯ ಹಮಾಲನ ಮಗ. ವಸ್ತಾದರು ಅವನ ಸೊಂಟ ಹಿಡಿದು ಮೇಲೆ ಎತ್ತಿದರು. ಅದಕ್ಕೂ ಮೊದಲು ಅವನ ತೋಳನ್ನು ನನ್ನ ಎರಡು ಕೋಲುಗಳ ನಡುವೆ ಅಡ್ಡ ಹಿಡಿದು, ಮೊಣಕೈಯಿಂದ ಬೆರಳ ತುದಿಗೆ ಅಳೆದು, ಅಷ್ಟು ಅಂತರ ಬಿಟ್ಟು ತಿರುಪು ಬಿಗಿದರು. ಪ್ರತಿಯೊಬ್ಬನಿಗೂ ಅವನದೇ ಅಳತೆ ಬೇಕು. ಹುಡುಗ ಬೆಳೆದಂತೆ ನಾನೂ ಅಗಲವಾದೆ. ಅವನ ಬೆಳವಣಿಗೆ ನಿಂತ ವರ್ಷ ವಸ್ತಾದರು ನನ್ನ ಕಾಲಿನ ತುದಿಯಲ್ಲಿ ಕೋಲನ್ನು ಒಳಗೂ ಹೊರಗೂ ಸರಿಸುವ ಕೊಳವೆಯ ಮೇಲೆ ಮೊಳೆಯಿಂದ ಒಂದು ಗೀರು ಎಳೆದರು. ಅದು ಮೈಲಾರಿಯ ಗೀರು.

ಆ ಗೋದಾಮಿನಲ್ಲಿ ಒಂದು ಕಟ್ಟಳೆ ಇತ್ತು. ವಸ್ತಾದರು ಅಳತೆ ಇಟ್ಟ ಮೇಲೆ ಯಾರೂ ಅದನ್ನು ಮತ್ತೆ ನೋಡುವಂತಿಲ್ಲ. ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಹತ್ತಬೇಕು. ಪರೀಕ್ಷೆ ಮಾಡಿದರೆ ಗುರುವಿನ ಮೇಲೆ ನಂಬಿಕೆ ಇಲ್ಲ ಎಂದರ್ಥ. ನನಗೆ ಆಗಲೇ ಇದು ಹುಚ್ಚು ಎನ್ನಿಸಿತ್ತು. ನಂಬಿಕೆ ಬೇರೆ, ತಿರುಪು ಬೇರೆ.

ಹಿಡಿತ ಜಾರದಿರಲಿ ಎಂದು ಮೈಲಾರಿ ನನಗೆ ಬೆಲ್ಲದ ನೀರು ಬಳಿಯುತ್ತಿದ್ದ, ಮೇಲೆ ಬಿಳಿ ಪುಡಿ. ಸಂಜೆಗೆ ಇರುವೆ ಮುತ್ತುತ್ತಿದ್ದವು. ಅವನಿಗೆ ಪದಕ, ನನಗೆ ಇರುವೆ. ರಾಷ್ಟ್ರಮಟ್ಟದಲ್ಲಿ ಗೆದ್ದ. ಭಾರತದ ಅಂಗಿ ತೊಟ್ಟು ಪರದೇಶಕ್ಕೆ ಹೋದ. ಅಲ್ಲಿ ಏನಾಯಿತೆಂದು ಯಾರೂ ನನಗೆ ಹೇಳಬೇಕಿರಲಿಲ್ಲ. ಗೆದ್ದು ಬಂದ ಕೈ ಮೆಲ್ಲಗೆ ಹಿಡಿಯುತ್ತದೆ, ಸೋತು ಬಂದ ಕೈ ಬಿಗಿಯಾಗಿ ಹಿಡಿಯುತ್ತದೆ. ಬರಬರುತ್ತ ಬಿಗಿಯೇ ಹೆಚ್ಚಾಯಿತು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಒಂದು ಸ್ಪರ್ಧೆಯಲ್ಲಿ ಮೇಲಿಂದ ತೂಗುವ ರಿಂಗ್ಸ್‌ನಿಂದ ಬಿದ್ದು ಬಲಭುಜ ಕಿತ್ತಿತು, ಆಪರೇಷನ್ ಆಯಿತು. ಮೂವತ್ತರ ಹತ್ತಿರ ಬಂದವನು ಮತ್ತೆ ನನ್ನ ಮೇಲೆ ಹತ್ತಿದಾಗ ಆ ಭುಜದಲ್ಲಿ ಏನೋ ಕರಕರ ಎನ್ನುತ್ತಿತ್ತು. ವಸ್ತಾದರು ನಮಾಜಿಗೆ ಹೋದಾಗ ಅವನು ನನ್ನನ್ನು ಒಂದು ಬೆರಳಿನಷ್ಟು ಒಳಗೆ ತಂದುಕೊಂಡು ಜೀಕುತ್ತಿದ್ದ. ಕರಕರ ನಿಲ್ಲುತ್ತಿತ್ತು. ಅವರು ಬರುವ ಹೊತ್ತಿಗೆ ಹಳೆಯ ಗೀರಿಗೆ ತಂದು ಇಡುತ್ತಿದ್ದ.

ಭಾರತ ತಂಡದ ಶಿಬಿರಕ್ಕೆ ಆಯ್ಕೆ ನಮ್ಮ ಗೋದಾಮಿನಲ್ಲೇ ನಡೆಯುವುದೆಂದಾಯಿತು. ಅವನಿಗೆ ಇದೇ ಕೊನೆಯ ಅವಕಾಶ. ಆ ಬೆಳಿಗ್ಗೆ ಅವನು ತಿರುಪು ತಿರುಗಿಸುವಾಗ ವಸ್ತಾದರು ಬಂದುಬಿಟ್ಟರು. ಮೊದಲು ಹೇಳಿದ ಜಗಳ ಅದೇ.

ಕೊನೆಗೆ ವಸ್ತಾದರೇ ಸೋತರು. “ಆತಪಾ, ಆತು. ನಿನ್ನ ಪಾಳಿ ಬಂದಾಗ ನಾನ ಒಳಗ ತರ್ತೀನಿ. ಇನ್ನೊಮ್ಮಿ ಕೈ ಹಚ್ಚಿದೆಂದ್ರ ಕೈ ಮುರೀತೀನಿ, ನೋಡು.”

“ಮುರೀರಿ. ಭುಜಾ ಒಂದ ಬಿಟ್ಟು,” ಎಂದ ಮೈಲಾರಿ. ಇಬ್ಬರೂ ನಕ್ಕರು.

ಅವನ ಪಾಳಿ ಬಂತು. ಅವನಿಗಿಂತ ಮುಂಚೆ ಆಡಿದವನು ಬಹಳ ಸಣ್ಣ ಆಳು, ನನ್ನನ್ನು ತೀರ ಒಳಗೆ ತಂದಿದ್ದರು. ಮೈಲಾರಿ ಬೆನ್ನು ತಿರುಗಿಸಿ ಕೈಗೆ ಪುಡಿ ಹಚ್ಚಿಕೊಳ್ಳುತ್ತಿದ್ದ. ವಸ್ತಾದರು ತಿರುಪು ಸಡಿಲಿಸಿದರು, ಎಳೆದರು, ಬಿಗಿದರು. ಗೀರಿಗೆ ಸರಿಯಾಗಿ. ಹಳೆಯ ಗೀರಿಗೆ! ಹಟದಿಂದಲ್ಲ. ಆ ಕೈಗೆ ಬೇರೆ ಅಳತೆ ಗೊತ್ತೇ ಇರಲಿಲ್ಲ. ನನಗೆ ಬಾಯಿ ಇದ್ದಿದ್ದರೆ ಬೈದುಬಿಡುತ್ತಿದ್ದೆ.

ಮೈಲಾರಿ ಬಂದ. ನೋಡಲಿಲ್ಲ. ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದ.

ಜೀಕಿ ಕೈಬಿಟ್ಟು, ಮೇಲೆ ಎರಡು ಸುತ್ತು ತಿರುಗಿ, ಎರಡೂ ತೋಳು ನನ್ನ ಕೋಲುಗಳ ಮೇಲೆ ಊರುವಂತೆ ಬಂದು ಬಿದ್ದ. ಒಂದು ಬೆರಳು ಹೆಚ್ಚು, ಅಷ್ಟೇ. ಹಳೆಯ ಬಟ್ಟೆ ಹರಿದಂತೆ ಒಂದು ಸದ್ದು. ಗೋದಾಮಿನಲ್ಲಿ ಯಾರಿಗೂ ಕೇಳಲಿಲ್ಲ, ನನಗೆ ಕೇಳಿತು. ಎಡಗೈಯಲ್ಲಿ ಜೋತುಬಿದ್ದು ಮೆಲ್ಲಗೆ ಇಳಿದ. ಗೀರು ನೋಡಿದ.

“ವಸ್ತಾದ್ರ, ಅಳತಿ ನೀವ ಇಟ್ರೇನ್ರಿ?”

ವಸ್ತಾದರೂ ನೋಡಿದರು. “ಕೈ ರೂಢಿ ಮ್ಯಾಲೆ ಹೋಗೇತಲೇ, ಮೈಲಾರಿ...”

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನವನಿಗೆ ಅಂಟಬಾರದೆಂದು ಎಡಗೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ನನ್ನ ಮೇಲಿನ ಬೆಲ್ಲ ಒರೆಸಿದ. ಇಡೀ ಉದ್ದ, ಎರಡೂ ಕೋಲು. ನಮ್ಮ ಕಡೆ ಹೊರಡುವವರು ‘ಬರ್ತೀನಿ’ ಎನ್ನುತ್ತಾರೆ. ಅವನು “ಹೋಗ್ತೀನ್ರಿ” ಎಂದ. ಬಲಗೈಯನ್ನು ಎದೆಗೆ ಹಿಡಿದುಕೊಂಡು, ಹತ್ತಿಯ ಗಾಡಿಗಳು ಬರುತ್ತಿದ್ದ ದೊಡ್ಡ ಬಾಗಿಲಿನಿಂದ ಹೊರಗೆ ಹೋದ.

ಈಗ ಹೊಸ ಬಾರ್ ಬಂದಿದೆ. ನಾನು ಹರಿದ ಚಾಪೆಗಳ ಜೊತೆ ಮೂಲೆಯಲ್ಲಿದ್ದೇನೆ, ಕಾಲಿಗೆ ತುಕ್ಕು. ಹುಡುಗರು ಹೋದ ಮೇಲೆ ವಸ್ತಾದರು ಬಂದು ನನ್ನ ತಿರುಪು ಸಡಿಲಿಸಿ ಸ್ವಲ್ಪ ಒಳಗೆ ತರುತ್ತಾರೆ, ಮತ್ತೆ ಹೊರಗೆ ಎಳೆಯುತ್ತಾರೆ. “ಯಾವ ಬೆರಳಲೇ, ಹೆಬ್ಬೆರಳೋ ಕಿರುಬೆರಳೋ?” ಎಂದು ನನ್ನನ್ನೇ ಕೇಳುತ್ತಾರೆ. ಕೇಳಬೇಕಾದವನನ್ನು ಅವತ್ತು ಕೇಳಲಿಲ್ಲ. ಆಮೇಲೆ ಆ ದೊಡ್ಡ ಬಾಗಿಲಿನ ಕಡೆ ನೋಡುತ್ತ ಕೂರುತ್ತಾರೆ. ನಾನೂ ನೋಡುತ್ತೇನೆ.

ಮೈಲಾರಿ ಬಂದಿಲ್ಲ.