ಎಂಬತ್ತೊಂಬತ್ತರಲ್ಲಿ ಹುಟ್ಟಿದವರು

“ಬಾಯಿಗೆ ಚಮಚ ತುರುಕಿದ್ದು ಯಾರು?”

ಡಾಕ್ಟರ್ ಹೋರಿಯಾ ಕೇಳಿದಾಗ ಸಬೀನಾ ತಪ್ಪಿತಸ್ಥೆಯಂತೆ ಕೈ ಎತ್ತಿದಳು. ಅವಳ ಗಂಡ ಒಕ್ತಾವಿಯನ್ ಬೆಳಗಿನ ಕಾಫಿ ಕುಡಿಯುತ್ತಲೇ ಕುರ್ಚಿಯಿಂದ ಉರುಳಿ ಕೈಕಾಲು ಬಡಿದಿದ್ದ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಬಂದ ಫಿಟ್ಸ್. ಚಮಚಕ್ಕೆ ಒಂದು ಹಲ್ಲು ಹೋಗಿತ್ತು.

“ಮೊದ್ಲು ಏನಾದ್ರೂ ಕಾಯಿಲೆ?”

“ಏನೂ ಇಲ್ಲ ಡಾಕ್ಟ್ರೇ. ಹಡಗುಕಟ್ಟೆಯಲ್ಲಿ ವೆಲ್ಡರು. ಎತ್ತಿನ ಥರ ಇದಾರೆ.”

ಎತ್ತು ಐವತ್ತು ಕಿಲೋ ತೂಗುತ್ತಿತ್ತು. ಬಾಯೊಳಗೆ ಮೊಸರು ಮೆತ್ತಿದಂತೆ ಬಿಳಿ. ಚೀಟಿಯಲ್ಲಿ ಹುಟ್ಟಿದ ವರ್ಷ ಎಂಬತ್ತೊಂಬತ್ತು ಎಂದಿದ್ದುದನ್ನು ನೋಡಿ ಹೋರಿಯಾ ಅವಳನ್ನು ಹೊರಗೆ ಕಳಿಸಿದ. ಆ ವರ್ಷ ಈ ಬಂದರು ಊರಾದ ಕಾನ್‌ಸ್ತಾಂತ್ಸಾದಲ್ಲಿ ಬಡಕಲು ಕೂಸುಗಳಿಗೆ ಮೈಕೈ ತುಂಬಲೆಂದು ಒಂದಿಷ್ಟು ರಕ್ತ ಕೊಡುತ್ತಿದ್ದರು. ಎಲ್ಲರಿಗೂ ಒಂದೇ ಸೂಜಿ, ಅದನ್ನು ನೆನಪಾದಾಗ ಕುದಿಸುತ್ತಿದ್ದರು.

“ಗೊತ್ತು,” ಎಂದ ಒಕ್ತಾವಿಯನ್, ಡಾಕ್ಟರ್ ಕೇಳುವ ಮೊದಲೇ, ಊದಿದ ನಾಲಿಗೆಯಲ್ಲಿ. “ಏಡ್ಸು. ಹನ್ನೆರಡು ವರ್ಷಕ್ಕೇ ಹೇಳಿದ್ರು. ಮದ್ವೆ ಆದ್ಮೇಲೆ ಮಾತ್ರೆ ಬಿಟ್ಟೆ. ಎರಡು ಕೋಣೆ ಮನೇಲಿ ಡಬ್ಬಿ ಎಲ್ಲಿ ಬಚ್ಚಿಡೋದು?”

“ಹೆಂಡ್ತಿಗೆ?”

“ಹೇಳ್ಬೇಡಿ.”

ರಕ್ತದಲ್ಲಿ ಸಕ್ಕರೆ, ಉಪ್ಪು ಸರಿಯಿದ್ದವು. ಬಣ್ಣದ ಮದ್ದು ಏರಿಸಿ ತೆಗೆದ ಸ್ಕ್ಯಾನಿನಲ್ಲಿ ಮೆದುಳೊಳಗೆ ಎರಡು ಉಂಗುರ, ಸುತ್ತ ಬಾವು. ಬೆನ್ನುಹುರಿಯ ನೀರು ತೆಗೆಯುವುದು ಇವತ್ತು ಅಪಾಯ. ಹೆಚ್ಚಾಗಿ ಇದು ಒಂದು ಪರಾವಲಂಬಿ ಕ್ರಿಮಿಯ ಕೆಲಸ, ಮದ್ದಿಗೆ ಬಗ್ಗುವಂಥದ್ದು. ಮದ್ದು ಶುರುವಾಯಿತು. ಎಲ್ಲವೂ ಪುಸ್ತಕದಲ್ಲಿದ್ದಂತೆ ನಡೆಯಿತು.

“ಇದು ವಾಸಿ ಆಗ್ಬಹುದು. ಆದ್ರೆ ನೀವೇ ಇವತ್ತು ಅವ್ರಿಗೆ ಹೇಳ್ಬೇಕು. ಅವ್ರ ರಕ್ತಾನೂ ನೋಡ್ಬೇಕು. ಗೊತ್ತಿಲ್ದೆ ಬದುಕೋದು ಬದುಕಲ್ಲ.”

ತನ್ನ ಮಾತು ಹೋರಿಯಾಗೇ ಉಪನ್ಯಾಸದಂತೆ ಕೇಳಿತು.

“ನೀವು ಯಾವ ವರ್ಷ ಡಾಕ್ಟ್ರೇ?”

“ಎಂಬತ್ತೊಂಬತ್ತು.”

“ಇದೇ ಊರಾ?”

“ಹೂಂ.”

“ಹಂಗಾದ್ರೆ ನೀವು ಯಾವತ್ತೋ ರಕ್ತ ನೋಡಿಸಿರ್ತೀರಿ.”

ಹೋರಿಯಾ ಸರಿಯಾಗಿಯೇ ಇಳಿಯುತ್ತಿದ್ದ ಡ್ರಿಪ್ಪನ್ನು ಸರಿಮಾಡಿದ. ವರ್ಷಕ್ಕೊಮ್ಮೆ ಅವನ ಸಿಬ್ಬಂದಿ ತಪಾಸಣೆಯ ಕಾಗದಕ್ಕೆ ಗೆಳೆಯನೊಬ್ಬ ರಕ್ತ ತೆಗೆಯದೆಯೇ ಸಹಿ ಹಾಕಿಕೊಡುತ್ತಿದ್ದ. ಅವನು ಒಳ್ಳೆಯ ಗೆಳೆಯ.

ಮೆಟ್ಟಿಲ ಬಳಿ ನಿಂತು ತಾಯಿಗೆ ಫೋನು ಮಾಡಿದ.

“ಅಮ್ಮಾ, ಕೂಸಾಗಿದ್ದಾಗ ನಂಗೆ ರಕ್ತ ಕೊಟ್ಟಿದ್ರಾ?”

ಆ ಕಡೆ ತಾಯಿ ರೇಡಿಯೋದ ಸದ್ದು ತಗ್ಗಿಸಿದಳು.

“ನೀನು ಕಡ್ಡಿ ಥರ ಇದ್ದೆ ಕಣೋ. ಯಾರ್ಯಾರೋ ಏನೇನೋ ಕೊಟ್ರು. ಬದುಕಿದ್ಯಲ್ಲ? ಭಾನುವಾರ ಊಟಕ್ಕೆ ಬಾ.”

ಹೋರಿಯಾಗೆ ಹೆದರಿಕೆಯಾಯಿತು, ನಾಚಿಕೆಗೆಟ್ಟ ಹೆದರಿಕೆ.

ಸಬೀನಾ ದಾರಿಗೆ ಅಡ್ಡ ನಿಂತಳು. “ಏನಾಗಿದೆ ಅವ್ರಿಗೆ?”

“ಅವ್ರೇ ಹೇಳ್ತಾರೆ.”

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಕ್ಕದ ಕೋಣೆಯಲ್ಲಿ ಹೋರಿಯಾ ತನ್ನದೇ ರಕ್ತ ತೆಗೆಯಲೆಂದು ಅಂಗಿಯ ತೋಳು ಮಡಚಿ, ರಟ್ಟೆಗೆ ರಬ್ಬರ್ ಪಟ್ಟಿ ಬಿಗಿದು, ಸೂಜಿ ಹಿಡಿದು ಕೂತ. ಗೋಡೆಯಾಚೆ ಅವಳ ದನಿ ಒಮ್ಮೆ ಏರಿ ನಿಂತುಹೋಯಿತು. ಇನ್ನೊಂದು ಮಾತು ಕೇಳಿದರೆ ಚುಚ್ಚುತ್ತೇನೆ ಎಂದುಕೊಂಡ. ಏನೂ ಕೇಳಲಿಲ್ಲ. ನರ ಉಬ್ಬಿತು, ಬೆರಳುಗಳು ಮೆಲ್ಲಗೆ ನೀಲಿಯಾದವು. ಚುಚ್ಚಲೂ ಇಲ್ಲ, ಪಟ್ಟಿ ಬಿಚ್ಚಲೂ ಇಲ್ಲ. ಯಾರೋ ಮೇಜಿನ ಮೇಲೆ ಮರೆತು ಹೋದ ಕೈಯೊಂದನ್ನು ಕಾಯುವವನಂತೆ ಅದನ್ನೇ ನೋಡುತ್ತ ಕೂತಿದ್ದ.